ನೇದಾಳ ಬಗ್ಗೆ ಬರೆದದ್ದೆಲ್ಲ

ದ್ರೆನೊವ್ ದೋಲ್, ವ್ರಾತ್ಸಾ ಜಿಲ್ಲೆ, ಬಲ್ಗೇರಿಯಾ
4 ಮಾರ್ಚ್ 2010

ಪ್ರೀತಿಯ ಲೊರೆದಾನಾ,

ಪತ್ರ ಯಾಕೆ, ಫೋನ್ ಮಾಡಬಾರದೇ ಎಂದು ಮತ್ತೆ ಕೇಳಿದ್ದೀಯ. ಫೋನು ಇರುವುದು ನಡುಮನೆಯಲ್ಲಿ, ಅದರ ಪಕ್ಕದಲ್ಲಿ ಇರುವುದು ನಮ್ಮ ಅತ್ತೆ. ಎಂಬತ್ತಮೂರರ ಆ ಕಿವಿಗೆ ಬಾಗಿಲು ಬಡಿದರೂ ಕೇಳಿಸದು, ನನ್ನ ಫೋನು ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತದೆ. ಇಟಾಲಿಯನ್ ಬಾರದಿದ್ದರೂ ನನ್ನ ಮುಖ ನೋಡಿಕೊಂಡು ಅರ್ಥ ಹೇಳುತ್ತಾಳೆ. ಅಲ್ಲದೆ ಇದು ನಿನ್ನ ಅಮ್ಮ ಕಲಿಸಿದ ಅಕ್ಷರ. ಐದು ವರ್ಷ ನಾನು ಅವಳ ಹಾಸಿಗೆ ಬಳಿ ಇದ್ದೆ, ಐದು ವರ್ಷವೂ ಉಕ್ತಲೇಖನ ಬರೆಸಿದಳು ಪುಣ್ಯಾತ್ಗಿತ್ತಿ. ಅವಳನ್ನು ನೋಡಿಕೊಂಡದ್ದಕ್ಕೆ ನನಗೆ ಸಂಬಳ ಬಂತು, ಅಕ್ಷರಕ್ಕೆ ನಾನೇನೂ ಕೊಡಲಿಲ್ಲ. ಹಾಗಾಗಿ ಬರೆಯುತ್ತೇನೆ.

ನೇದಾ ಚೆನ್ನಾಗಿದ್ದಾಳೆ. ಒಂದನೇ ತಾರೀಕು ಎಲ್ಲರೂ ಕೈಗೆ ಕೆಂಪು-ಬಿಳಿ ದಾರ ಕಟ್ಟಿಕೊಳ್ಳುತ್ತೇವಲ್ಲ, ವರ್ಷವೆಲ್ಲ ಆರೋಗ್ಯ ಇರಲಿ ಅಂತ. ಇವಳು ಬೆಕ್ಕಿಗೆ ಕಟ್ಟಿದಳು, ಎರಡು ಕೋಳಿಗೆ ಕಟ್ಟಿದಳು, ಕೊನೆಗೆ ಅತ್ತೆಯ ಊರುಗೋಲಿಗೂ ಕಟ್ಟಿದಳು. “ನೀನು ಬಿದ್ರೂ ಇದು ಬೀಳಬಾರದು ಅಜ್ಜಿ” ಅಂದಳು. ಅತ್ತೆ ಬೈದಳು, ಆದರೆ ದಾರ ಬಿಚ್ಚಲಿಲ್ಲ.

ಕಚೇರಿಯ ಹೆಣ್ಣುಮಗಳು ತಿಂಗಳಿಗೊಮ್ಮೆ ಬಂದು ನನಗೆ ನೆನಪಿಸಿ ಹೋಗುತ್ತಾಳೆ: ನೀವು ಸಾಕುವವರು, ಹೆತ್ತವರಲ್ಲ, ಅಮ್ಮ ಅಂತ ಕರೆಸಿಕೊಳ್ಳಬೇಡಿ. ಎಂಟು ತಿಂಗಳ ಕೂಸನ್ನು ತಂದು ಮಡಿಲಿಗೆ ಹಾಕಿ ನಾಲ್ಕು ವರ್ಷವಾಗುತ್ತ ಬಂದರೂ ಅದೇ ಮಾತು. ಸರಿ, ನಾನು ಅವಳ ಜ್ಞಾನಸ್ನಾನಕ್ಕೆ ನಿಂತ ಜ್ಞಾನತಾಯಿ, ಹಾಗಾಗಿ ‘ಕೂಮಾ’ ಎಂದು ಕರೆಯುತ್ತಾಳೆ. ಅದಕ್ಕೆ ಕಚೇರಿಯ ತಕರಾರಿಲ್ಲ.

ದತ್ತು ತೆಗೆದುಕೊಳ್ಳಲೆಂದು ಕಳೆದ ವಾರ ಎರಡನೇ ದಂಪತಿ ಬಂದಿದ್ದರು. ಮೊದಲು ಬಂದವರು ಬಣ್ಣ ನೋಡಿ ಹೋಗಿದ್ದರು, ಜಿಪ್ಸಿ ಮಗು ಅಂತ ಮೊದಲೇ ಹೇಳಬೇಕಿತ್ತು ಎಂದು ಕಚೇರಿಯವರ ಮೇಲೇ ರೇಗಿದ್ದರು. ಇವರು ಕಾಲು ನೋಡಿ ಹೋದರು. ಎಡಗಾಲು ಎರಡು ಬೆರಳಷ್ಟು ಗಿಡ್ಡ ಎಂದು ನಿನಗೆ ಗೊತ್ತಲ್ಲ. ನನಗೆ ಬೇಸರವೇನೂ ಆಗಲಿಲ್ಲ. ಬೈಯಬೇಡ.

ನಿನ್ನ,
ಗೆರ್ಗೀನಾ


ಫೆಲ್ತ್ರೆ, ಇಟಲಿ
2 ಏಪ್ರಿಲ್ 2010

ಪ್ರೀತಿಯ ಗೀನಕ್ಕ,

ಊರುಗೋಲಿನ ಕತೆಯನ್ನು ಎಲ್ವಿಯೋಗೆ ಊಟದ ಹೊತ್ತಿಗೆ ಓದಿ ಹೇಳಿದೆ. ನಕ್ಕೂ ನಕ್ಕೂ ಪೊಲೆಂತಾ ಗಂಟಲಿಗೆ ಹತ್ತಿಸಿಕೊಂಡರು. ಮರುದಿನ ಅಂಗಡಿಗೆ ಸೈಕಲ್ ರಿಪೇರಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ್ದಾರೆ. ನಿಮ್ಮ ನೇದಾ ನಮ್ಮ ಬೀದಿಯಲ್ಲೆಲ್ಲ ಪ್ರಸಿದ್ಧಳು.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ನವೆಂಬರಿನಲ್ಲಿ ನಾಲ್ಕನೆಯ ಬಸಿರೂ ನಿಲ್ಲಲಿಲ್ಲ. ಅಮ್ಮ ಇದ್ದಿದ್ದರೆ ಅವಳ ಬಳಿ ಅಳುತ್ತಿದ್ದೆ, ನೀವು ಇಲ್ಲೇ ಇದ್ದಿದ್ದರೆ ನಿಮ್ಮ ಬಳಿ. ಇನ್ನು ಸಾಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಹೊರದೇಶದಿಂದ ದತ್ತು ತೆಗೆದುಕೊಳ್ಳಲು ಮಕ್ಕಳ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇವೆ. ಈಗ ನಾವು ತಂದೆತಾಯಿ ಆಗಲು ಯೋಗ್ಯರೇ ಎಂದು ಪರೀಕ್ಷೆ ನಡೆದಿದೆ. ಸಮಾಜ ಕಾರ್ಯಕರ್ತೆ ಮನೆಗೆ ಬಂದು ಫ್ರಿಜ್ಜಿನ ಬಾಗಿಲನ್ನೂ ತೆಗೆದು ನೋಡಿದಳು. ಮಗು ಕಪ್ಪಗಿದ್ದರೆ ನಿಮ್ಮ ಮನೆಯವರು ಏನನ್ನುತ್ತಾರೆ ಎಂದು ಕೇಳಿದಳು. ಎಲ್ವಿಯೋ ಏನಂದರು ಗೊತ್ತೇ? “ನಮ್ಮಜ್ಜ ಬೆಲ್ಜಿಯಮ್ಮಿನ ಗಣಿಯಿಂದ ಬರೋವಾಗ ಕರ್ರಗಿದ್ರು, ಅಜ್ಜಿ ಬಾಗಿಲು ತೆಗೀಲಿಲ್ವಾ?” ಆಕೆ ಅದನ್ನು ಗಂಭೀರವಾಗಿ ಬರೆದುಕೊಂಡಳು.

ನೇದಾ ಬಗ್ಗೆ ಇನ್ನೂ ಬರೆಯಿರಿ ಅಕ್ಕ. ಏನು ತಿನ್ನುತ್ತಾಳೆ, ಯಾವುದಕ್ಕೆ ಹಟ ಮಾಡುತ್ತಾಳೆ, ಎಲ್ಲ.

ನಿಮ್ಮ ಲೊರೆದಾನಾ


ದ್ರೆನೊವ್ ದೋಲ್
20 ಜೂನ್ 2010

ತಂಗೀ,

ನಾಲ್ಕನೆಯದರ ಸುದ್ದಿ ಓದಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಈರುಳ್ಳಿ ಹೆಚ್ಚುವ ನೆಪ ಮಾಡಬೇಕಾಯಿತು. ನೀನು ಒಳ್ಳೆಯ ತಾಯಿಯಾಗುತ್ತೀಯ. ನಮ್ಮ ಕಡೆಯ ಮಗುವೇ ಸಿಕ್ಕರೆ ಇನ್ನೂ ಒಳ್ಳೆಯದು, ಹಟ ಇರುತ್ತದೆ, ಬದುಕಿಕೊಳ್ಳುತ್ತದೆ.

ಇಲ್ಲಿ ನಾನು ಸಂತೋಷವಾಗಿದ್ದೇನೆ. ಮೂರನೆಯವರೂ ಬಂದು ಬೇಡವೆಂದು ಹೋದರು. ಪ್ಲೆವೆನ್ ಕಡೆಯ ಶ್ರೀಮಂತರು, ಆ ಹೆಂಗಸು ನೇದಾಳನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ ನೋಡಿದಳು. ನೇದಾಗೂ ಗೊತ್ತಾಯಿತು. “ನಾನೇನ್ ಕುದುರೇನಾ, ಕೂಮಾ?” ಅಂತ ಕೇಳಿದಳು. ಅವರ ಕಾರು ತಿರುವಿನಲ್ಲಿ ಮರೆಯಾದದ್ದೇ ನಾನು ಹಿಟ್ಟು ಕಲಸಿ, ಗಿಣ್ಣು ತುಂಬಿ ದೊಡ್ಡ ಬಾನಿತ್ಸಾ ಬೇಯಿಸಿದೆ. ಮಗುವನ್ನು ಯಾರೂ ಒಪ್ಪಲಿಲ್ಲವೆಂದು ಹಬ್ಬ ಮಾಡುವವಳನ್ನು ಇವತ್ತೇ ನೋಡಿದ್ದು ಎಂದು ಅತ್ತೆ ಮೂದಲಿಸಿದಳು. ಮೂರು ತುಂಡು ತಿಂದಳು ಬಿಡು.

ಈ ಜಿಲ್ಲೆಯಲ್ಲಿ ಇನ್ನು ಯಾರೂ ಬರುವುದಿಲ್ಲ. ಹದಿನೆಂಟು ತುಂಬುವವರೆಗೂ ಇಲ್ಲೇ ಇರುತ್ತಾಳೆ. ಆಮೇಲೆ ಅವಳಿಷ್ಟ.

ಕೇಳಿದೆಯಲ್ಲ: ಬಟಾಣಿ ಮುಟ್ಟುವುದಿಲ್ಲ. ಹುರಿದ ಮೆಣಸಿನಕಾಯಿಯ ಚಟ್ನಿ ಇದ್ದರೆ ಕಲ್ಲನ್ನೂ ತಿನ್ನುತ್ತಾಳೆ. ಹಾಡು ಕೇಳಿದರೆ ಕುಣಿಯುತ್ತಾಳೆ, ಕುಣಿಯುವಾಗ ಕುಂಟು ಕಾಣುವುದೇ ಇಲ್ಲ. ಇದು ಯಾಕೆ ಎಂದು ವೈದ್ಯರನ್ನು ಕೇಳಬೇಕು.

ಗೀನಾ


ಫೆಲ್ತ್ರೆ
11 ಸೆಪ್ಟೆಂಬರ್ 2010

ಗೀನಕ್ಕ,

ಕೂತುಕೊಂಡು ಓದಿ. ದತ್ತು ಸಂಸ್ಥೆಯವರು ನಡೆಸುವ ತರಗತಿಗೆ ಶನಿವಾರ ಹೋಗಿದ್ದೆವು. ಬಲ್ಗೇರಿಯಾದ ನಿಯಮ ವಿವರಿಸಿದರು. ಅಲ್ಲಿಯ ಮೂರು ಕುಟುಂಬಗಳು ಮಗುವನ್ನು ನೋಡಿ ಬೇಡವೆಂದರೆ ಮಾತ್ರ ಅದರ ಹೆಸರು ಹೊರದೇಶದವರ ಪಟ್ಟಿಗೆ ಬರುತ್ತದಂತೆ. ಮೂರು. ನಾನು ಎಲ್ವಿಯೋ ಕೈ ಹಿಡಿದುಕೊಂಡೆ, ಅವರು ಆಗಲೇ ನನ್ನ ಮುಖ ನೋಡುತ್ತಿದ್ದರು.

ಮಾಮೂಲಾಗಿ ಮಗುವನ್ನು ನಾವು ಆರಿಸುವಂತಿಲ್ಲ. ಆದರೆ ಆರೋಗ್ಯದ ತೊಂದರೆ ಇರುವ ಮಕ್ಕಳದು ಬೇರೆ ಪಟ್ಟಿ, ಅದರಲ್ಲಿ ಇಂಥ ಮಗುವೇ ಬೇಕೆಂದು ಹೆಸರು ಹೇಳಿ ಕೇಳಬಹುದಂತೆ. ನಾವು ಕೇಳಿದ್ದೇವೆ ಅಕ್ಕ. ನೇದಾಳನ್ನು ಕೇಳಿದ್ದೇವೆ.

ನೀವು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಇಷ್ಟು ದಿನ ಯಾಕೆ ಹೀಗೆ ಒಂದೊಂದೇ ಬರೆದಿರಿ ಎಂದು ನನಗೆ ಅರ್ಥವಾಗಿದೆ. ‘ನಮ್ಮ ಕಡೆಯ ಮಗುವೇ ಸಿಕ್ಕರೆ’ ಎಂದು ಬರೆದಾಗಲೇ ಅರ್ಥವಾಯಿತು. ಅಮ್ಮನನ್ನು ಕೊನೆತನಕ ಕೈಯಲ್ಲಿಟ್ಟು ನೋಡಿಕೊಂಡಿರಿ. ಈಗ ನನಗೆ ಮಗಳನ್ನು ಕೊಡುತ್ತಿದ್ದೀರಿ. ಈ ಋಣ ತೀರಿಸುವುದು ಹೇಗೆ?

ನಿಮ್ಮ ಲೊರೆದಾನಾ


ದ್ರೆನೊವ್ ದೋಲ್
9 ಫೆಬ್ರವರಿ 2011

ಪ್ರೀತಿಯ ಲೊರೆದಾನಾ,

ಉತ್ತರ ತಡವಾಯಿತು. ಚಳಿಗಾಲ, ಅತ್ತೆಗೆ ಕೆಮ್ಮು.

ಕಚೇರಿಯಿಂದ ಕಾಗದ ಬಂದಿದೆ. ಸಂತೋಷ. ನೇದಾಳ ಎತ್ತರ ಒಂದು ಮೀಟರ್ ಏಳು ಸೆಂಟಿಮೀಟರ್. ತೂಕ ಹದಿನೇಳು ಕಿಲೋ. ಚುಚ್ಚುಮದ್ದು ಎಲ್ಲ ಆಗಿದೆ. ಹಾಲು ಕುದಿಸಿ ಆರಿಸಿ ಕೊಡಬೇಕು, ಕೆನೆ ಇರಬಾರದು.

ಗೆರ್ಗೀನಾ


ಫೆಲ್ತ್ರೆ
16 ಏಪ್ರಿಲ್ 2011

ಗೀನಕ್ಕ,

ನಿಮ್ಮ ಪತ್ರ ಚಿಕ್ಕದಿತ್ತು, ಆದರೆ ಕೆನೆಯ ಮಾತು ಓದಿ ಕಣ್ಣೀರು ಬಂತು. ಯಾವ ಕಚೇರಿ ಇದನ್ನು ಹೇಳುತ್ತಿತ್ತು?

ನ್ಯಾಯಾಲಯದ ಯೋಗ್ಯತಾಪತ್ರ ಬಂತು. ಅಮ್ಮನ ಕೋಣೆಗೆ ಸುಣ್ಣ ಬಳಿಸಿದ್ದೇವೆ. ಎಲ್ವಿಯೋ ಒಂದು ಪುಟ್ಟ ಸೈಕಲ್ ಮಾಡುತ್ತಿದ್ದಾರೆ, ಎಡಗಡೆಯ ಪೆಡಲ್ ಎರಡು ಬೆರಳು ಎತ್ತರ. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದರು. ಜುಲೈನಲ್ಲಿ ಐದು ದಿನ ಅಲ್ಲಿಗೆ ಬರುತ್ತೇವೆ. ಅವಳು ನಮ್ಮನ್ನು ಒಪ್ಪಿಕೊಳ್ಳುತ್ತಾಳೋ ಇಲ್ಲವೋ ಎಂದು ಪರೀಕ್ಷೆಗೆ ಹೋಗುವವಳ ಹಾಗೆ ಹೆದರಿದ್ದೇನೆ.

ಒಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಮೊನ್ನೆ ಎಲ್ವಿಯೋ ಕೇಳಿದರು: ಅಷ್ಟು ಪ್ರೀತಿಸುವ ಗೀನಾ ತಾನೇ ಯಾಕೆ ದತ್ತು ತೆಗೆದುಕೊಳ್ಳಲಿಲ್ಲ? ವಯಸ್ಸಾಯಿತು ಎಂದಿರಬೇಕು ಎಂದೆ. ಅಷ್ಟೇ ತಾನೇ?

ನಿಮ್ಮ ಲೊರೆದಾನಾ


ದ್ರೆನೊವ್ ದೋಲ್
22 ಮೇ 2011

ಲೊರೆದಾನಾ,

ಅಷ್ಟೇ ಅಲ್ಲ. ಕೇಳಿದ್ದೀಯ, ಹೇಳಿಬಿಡುತ್ತೇನೆ. ಸುಳ್ಳು ಇಟ್ಟುಕೊಂಡು ಮಗುವನ್ನು ಒಪ್ಪಿಸಬಾರದು.

ನೇದಾ ಬಂದ ಎರಡನೇ ತಿಂಗಳಲ್ಲೇ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ ಎಂದರು. ಜ್ಞಾನಸ್ನಾನವಿಲ್ಲದೆ ಹೋಗಬಾರದೆಂದು ಯಾರೋ ಪಾದ್ರಿಯನ್ನು ಕರೆತಂದರು. ಜ್ಞಾನತಾಯಿ ಯಾರು ಎಂದು ಅವರು ಕೇಳಿದಾಗ ಅಲ್ಲಿದ್ದದ್ದು ನಾನೊಬ್ಬಳೇ. ಎತ್ತಿಕೊಂಡು ನಿಂತೆ. ಮಗು ಉಳಿಯಿತು.

ಮನೆಗೆ ಬಂದು ಹೇಳಿದರೆ ಅತ್ತೆ ತಲೆ ಮೇಲೆ ಕೈ ಹೊತ್ತಳು. “ಏನ್ ಕೆಲಸ ಮಾಡ್ದೆ? ಇನ್ನು ಅವಳು ನಿನ್ ಮಗಳಾಗೋ ಹಾಗಿಲ್ಲ. ಒಂದು ಕೂಸಿಗೆ ಕೂಮಾನೂ ಒಬ್ಬಳೇ, ತಾಯೀನೂ ಅವಳೇ ಆದ್ರೆ ಕೂಸು ಬದುಕಲ್ಲ” ಅಂದಳು. ಅವಳ ಚಿಕ್ಕಮ್ಮನೊಬ್ಬಳು ಹಾಗೆ ಮಾಡಿ ಮಗು ಬಾವಿಗೆ ಬಿದ್ದಿತಂತೆ. ಒಮ್ಮೆ ಸಾವಿನ ಬಾಯಿಂದ ತಂದ ಕೂಸು. ನಾನು ಹೇಗೆ ಧೈರ್ಯ ಮಾಡಲಿ? ನೀವೇ ದತ್ತು ತೆಗೆದುಕೊಳ್ಳುತ್ತೀರಾ ಎಂದು ಕಚೇರಿಯವರು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲವೆಂದು ಸಹಿ ಹಾಕಿದೆ.

ಆದರೆ ಕೊಡಲೂ ಮನಸ್ಸಿರಲಿಲ್ಲ. ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ನೇದಾಗೆ ಎತ್ತರದ ಅಟ್ಟೆಯ ಬೂಟು ಮಾಡಿಸಿದ್ದೇನೆ, ಹಾಕಿಕೊಂಡರೆ ಕುಂಟು ಅರ್ಧ ಮರೆಯಾಗುತ್ತದೆ. ನೋಡಲು ಜನ ಬರುವ ದಿನ ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಹಳೇ ಚಪ್ಪಲಿ ಹಾಕಿಸುತ್ತಿದ್ದೆ. ಮೂರು ಸಲವೂ. ಪ್ಲೆವೆನ್ನಿನವಳು ಅಂಗಳದಲ್ಲಿ ನಡೆಸಿದಾಗ ನೇದಾ ನನ್ನ ಕಡೆ ನೋಡಿ “ಕೂಮಾ, ನನ್ ಒಳ್ಳೇ ಬೂಟು?” ಅಂದಳು. ಹರಿದಿದೆ ಅಂದೆ.

ಆ ಮೂರು ‘ಬೇಡ’ಗಳೇ ಅವಳನ್ನು ದೇಶ ಬಿಟ್ಟು ಕಳಿಸುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಸೆಪ್ಟೆಂಬರಿನ ಪತ್ರದಿಂದಲೇ ಗೊತ್ತಾದದ್ದು. ಐದು ತಿಂಗಳು ನಿನಗೆ ಬರೆಯಲಾಗದೆ ಇದ್ದದ್ದು ಅತ್ತೆಯ ಕೆಮ್ಮಿನಿಂದಲ್ಲ.

ಈಗ ಸಮಾಧಾನ ಮಾಡಿಕೊಂಡಿದ್ದೇನೆ. ದೇವರು ನನ್ನನ್ನು ಕೂಮಾ ಮಾಡಿದ, ತಾಯಿ ಮಾಡಲಿಲ್ಲ. ಆ ಮನೆ ನನಗೆ ಗೊತ್ತು, ಆ ಕಿಟಕಿಯಿಂದ ಏನು ಕಾಣುತ್ತದೆ ಗೊತ್ತು. ನೀನು ಬರೆಯುತ್ತಿರುತ್ತೀಯ. ಬನ್ನಿ.

ಗೀನಾ


ಫೆಲ್ತ್ರೆ
25 ಜೂನ್ 2011

ನನ್ನ ಗೀನಕ್ಕ,

ನಿಮ್ಮ ಪತ್ರ ಓದಿ ಮೂರು ದಿನ ಅಂಗಡಿ ತೆರೆಯಲಿಲ್ಲ. ನಾನೆಂಥ ಮೂರ್ಖಳು, ಅಷ್ಟು ದಿನ ನಿಮ್ಮ ಬಾಯಿಂದ ತುತ್ತು ಕಿತ್ತುಕೊಳ್ಳುತ್ತ ಋಣದ ಮಾತಾಡುತ್ತಿದ್ದೆ.

ಆಮೇಲೆ ಬಸ್ಸು ಹಿಡಿದು ಪಾದೊವಾಕ್ಕೆ ಹೋದೆ. ಅಲ್ಲಿ ನಿಮ್ಮ ಪಂಥದ ಒಬ್ಬ ಪಾದ್ರಿ ಇದ್ದಾರೆ, ಮನೆಗೆಲಸಕ್ಕೆ ಬಂದ ಬಲ್ಗೇರಿಯಾದ ಹೆಂಗಸರು ಭಾನುವಾರ ಅವರ ಬಳಿ ಸೇರುತ್ತಾರೆ. ಎಲ್ಲ ಹೇಳಿದೆ. ಅವರು ನಗಲಿಲ್ಲ, ಮೊದಲು ನಿಟ್ಟುಸಿರು ಬಿಟ್ಟರು. “ತಲೆಕೆಳಗು ಮಾಡ್ಕೊಂಡಿದಾರಮ್ಮ. ಹೆತ್ತವಳು ತನ್ನ ಮಗೂಗೆ ತಾನೇ ಜ್ಞಾನತಾಯಿ ಆಗಬಾರದು, ಅಷ್ಟೇ ಇರೋದು. ಜ್ಞಾನತಾಯಿ ಅನಾಥ ಕೂಸನ್ನ ತಂದು ಸಾಕಿದರೆ ಅದು ಪುಣ್ಯ. ಅದಕ್ಕೇ ಅಲ್ವಾ ಜ್ಞಾನತಾಯಿ ಇರೋದು?” ಅಂದರು. ಬರೆದು ಕೊಡಿ ಎಂದೆ. ಬರೆದು ಮೊಹರು ಹಾಕಿಕೊಟ್ಟಿದ್ದಾರೆ. ಇದರೊಂದಿಗೆ ಇಟ್ಟಿದ್ದೇನೆ, ಅತ್ತೆಗೆ ಓದಿ ಹೇಳಿ.

ನಿನ್ನೆ ನಾನು ಮತ್ತು ಎಲ್ವಿಯೋ ದತ್ತು ಸಂಸ್ಥೆಗೆ ಹೋಗಿ ನಮ್ಮ ಅರ್ಜಿ ಹಿಂದಕ್ಕೆ ತೆಗೆದುಕೊಂಡೆವು. ಯಾಕೆಂದು ಕೇಳಿದರು, ಮಗುವಿಗೆ ಆಗಲೇ ತಾಯಿ ಇದ್ದಾಳೆ ಎಂದೆ. ಫೋನ್ ಮಾಡಿ ಹೇಳೋಣವೆಂದುಕೊಂಡೆ, ನೀವು ಬೇಡವೆಂದು ಹಟ ಹಿಡಿಯುತ್ತೀರಿ ಎಂದು ಮಾಡಲಿಲ್ಲ. ಎಲ್ವಿಯೋ ಸೈಕಲ್ಲನ್ನು ಪಾರ್ಸೆಲ್ ಮಾಡುತ್ತಿದ್ದಾರೆ. ಬೆನ್ನು ತಿರುಗಿಸಿ ಕೂತು ಕಟ್ಟುತ್ತಿದ್ದಾರೆ.

ಇನ್ನು ಅವಳಿಂದ ಅಮ್ಮ ಅನ್ನಿಸಿಕೊಳ್ಳಿ ಅಕ್ಕ.

ನಿಮ್ಮ ಲೊರೆದಾನಾ


ದ್ರೆನೊವ್ ದೋಲ್
7 ಆಗಸ್ಟ್ 2011

ಲೊರೆದಾನಾ,

ಕೇಳಬೇಕಿತ್ತು. ಒಂದು ಮಾತು ನನ್ನನ್ನು ಕೇಳಬೇಕಿತ್ತು.

ನಿನ್ನ ಪತ್ರ ಕೈಗೆ ಸಿಕ್ಕ ದಿನವೇ ಮೊದಲ ಬಸ್ಸಿಗೆ ವ್ರಾತ್ಸಾಕ್ಕೆ ಓಡಿದೆ. ಕಚೇರಿಯ ಆ ಹೆಣ್ಣುಮಗಳು ಕೆಟ್ಟವಳಲ್ಲ, ನೀರು ಕೊಟ್ಟಳು, ಕಡತ ತೆಗೆದು ನನ್ನದೇ ಸಹಿ ತೋರಿಸಿದಳು. “ಎರಡು ಸಲ ಕೇಳಿದ್ವಿ ಗೆರ್ಗೀನಾ. ಈಗ ನೀವು ಅರ್ಜಿ ಹಾಕಿ, ತಪಾಸಣೆ ಆಗಿ, ಪಟ್ಟಿಗೆ ಹೆಸರು ಬರೋಕೆ ವರ್ಷ ಬೇಕು. ಮಗು ಕಡತ ಇಲ್ಲಿಲ್ಲ, ಸೋಫಿಯಾದಲ್ಲಿದೆ. ಇಟಲಿಯವರು ಬಿಟ್ಟ ವಾರಾನೇ ಫ್ರಾನ್ಸಿನವರು ಒಪ್ಕೊಂಡ್ರು” ಅಂದಳು. ಪಾದ್ರಿಯ ಕಾಗದ ತೋರಿಸಿದೆ. ಓದಿ, ಮಡಚಿ, ವಾಪಸು ಕೊಟ್ಟಳು.

ಅತ್ತೆಗೂ ಓದಿ ಹೇಳಿದೆ. “ನಂಗೆ ನಮ್ಮತ್ತೆ ಹೇಳಿದ್ದು. ಕೇಳೋಣ ಅಂದ್ರೆ ಆಗಿನ ಕಮ್ಯುನಿಸ್ಟರ ಕಾಲದಲ್ಲಿ ಪಾದ್ರಿ ಮನೆ ಬಾಗಿಲಿಗೆ ಹೋಗೋಕೆ ಯಾರ್ ಬಿಡ್ತಿದ್ರು?” ಅಂದಳು. ಅವತ್ತಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಅವಳ ಮೇಲೆ ಕೂಗಾಡಬೇಕೆಂದಿದ್ದೆ, ಆಗಲಿಲ್ಲ. ನಾನಾದರೂ ಕೇಳಬಹುದಿತ್ತಲ್ಲ. ನನ್ನನ್ನು ಯಾರು ತಡೆದಿದ್ದರು?

ನೀನು ಒಳ್ಳೆಯದನ್ನೇ ಮಾಡಹೊರಟೆ ಎಂದು ಗೊತ್ತು. ಆದರೆ ಎರಡು ಕಿತ್ತುಕೊಂಡೆ. ನಿನ್ನ ಮನೆಗೆ ಹೋಗಿದ್ದರೆ ಮಗು ನನ್ನ ಕಣ್ಣಿಂದ ಮರೆಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಅದೊಂದು. ದೇವರು ಬೇಡವೆಂದದ್ದಕ್ಕೆ ಬಿಟ್ಟೆ ಎಂದು ಹೇಳಿಕೊಂಡು ಬದುಕಿಬಿಡುತ್ತಿದ್ದೆ. ಈಗ ಅದೂ ಇಲ್ಲ. ಬಿಟ್ಟವಳು ನಾನೇ.

ಗೆರ್ಗೀನಾ


ಫೆಲ್ತ್ರೆ
30 ಆಗಸ್ಟ್ 2011

ಅಕ್ಕ, ಫೋನ್ ಎತ್ತುತ್ತಿಲ್ಲ. ಮತ್ತೆ ಅರ್ಜಿ ಹಾಕಲು ಹೋಗಿದ್ದೆವು. ಆಗುವುದಿಲ್ಲ ಎಂದರು, ಆ ಕುಟುಂಬ ಆಗಲೇ ಬಂದು ನೋಡಿ ಹೋಗಿದೆಯಂತೆ. ಒಬ್ಬ ವಕೀಲರನ್ನೂ ಕಂಡೆವು. ಬರೆಯಿರಿ, ಬೈದಾದರೂ ಬರೆಯಿರಿ.

ಲೊರೆದಾನಾ


ದ್ರೆನೊವ್ ದೋಲ್
12 ಡಿಸೆಂಬರ್ 2011

ಲೊರೆದಾನಾ,

ನವೆಂಬರ್ ಇಪ್ಪತ್ತೆರಡಕ್ಕೆ ನೇದಾ ಹೋದಳು.

ಫ್ರಾನ್ಸಿನವರು ಒಳ್ಳೆಯ ಜನ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಗಂಡ ಶಾಲೆಯ ಮೇಷ್ಟರು, ನೆಲದ ಮೇಲೆ ಕೂತು ಅವಳ ಬೂಟಿನ ದಾರ ಕಟ್ಟಿದ. ಹೆಂಡತಿ ನನ್ನ ಚಟ್ನಿ ಮಾಡುವ ಬಗೆಯನ್ನು ಬರೆದುಕೊಂಡಳು, ದುಭಾಷಿ ಹೇಳಿದಂತೆ ಒಂದೊಂದು ಅಳತೆಯನ್ನೂ.

ಹೋಗುವ ಮಗುವನ್ನು ಸಿದ್ಧ ಮಾಡುವುದು ಸಾಕುವವಳ ಕೆಲಸ. ಮೊದಲ ಸಲ ನೋಡಿ ಹೋದ ಮೇಲೆ ಅವರು ಕಳಿಸಿದ ಫೋಟೋ ಹಿಡಿದು ಎರಡು ತಿಂಗಳು ಹೇಳಿಕೊಟ್ಟೆ, ಇವರು ಅಪ್ಪ, ಇವಳು ‘ಮಮಾ’. ಮೊದಲು ಒಪ್ಪಲಿಲ್ಲ. “ಮಮಾ ಅಂದ್ರೆ ಯಾರು ಕೂಮಾ?” ಅಂದಳು. ಐದು ವರ್ಷ ಈ ಮನೆಯಲ್ಲಿ ಆ ಮಾತು ಯಾರೂ ಆಡಿರಲಿಲ್ಲ, ಗೊತ್ತಾಗುವುದಾದರೂ ಹೇಗೆ? ಜ್ವರ ಬಂದ್ರೆ ಪಕ್ಕದಲ್ಲಿ ಇರೋಳು ಎಂದೆ. “ಹಾಗಾದ್ರೆ ನೀನು” ಅಂದಳು. ಅಲ್ಲ, ಇವಳು ಎಂದು ಫೋಟೋ ತೋರಿಸಿದೆ. ಚೆನ್ನಾಗಿ ಕಲಿತಳು. ಕರೆದೊಯ್ಯಲು ಬಂದು ಅವರು ಕಾರಿನಿಂದ ಇಳಿದಾಗ ಓಡಿಹೋಗಿ ಆ ಹೆಂಗಸನ್ನು ಮಮಾ ಎಂದು ಕರೆದಳು. ಆಕೆ ಅಳುತ್ತ ನಿಂತಳು. ಕಚೇರಿಯ ಹೆಣ್ಣುಮಗಳು ನನ್ನ ಬೆನ್ನು ತಟ್ಟಿ ಇಷ್ಟು ಚೆನ್ನಾಗಿ ಯಾರೂ ಸಿದ್ಧ ಮಾಡಿರಲಿಲ್ಲ ಎಂದಳು.

ವಿಳಾಸ ಕೊಡುವ ಹಾಗಿಲ್ಲವಂತೆ. ಅವರಾಗಿಯೇ ಬರೆದರೆ ಬರೆಯಬಹುದು, ನಾವು ಕೇಳುವಂತಿಲ್ಲ.

ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಅವಳ ಫೋಟೋಗಳು, ಮೊದಲ ಹಲ್ಲು, ಕೈಯಚ್ಚು, ಎಲ್ಲ ಇದ್ದ ಪುಸ್ತಕ ಮಗುವಿನ ಜೊತೆಗೇ ಹೋಗಬೇಕೆಂಬುದು ನಿಯಮ, ಹೋಯಿತು. ನಾನು ದಿನಚರಿ ಬರೆಯುವವಳಲ್ಲ. ಅವಳು ಆಡಿದ್ದು, ತಿಂದದ್ದು, ಹಟ ಮಾಡಿದ್ದು ಎಲ್ಲ ನಿನಗೇ ಬರೆದೆ. ಈಗಲೇ ಕೆಲವು ಮರೆಯುತ್ತಿವೆ. ನೇದಾ ಬಂದಾಗಿನಿಂದ ನಾನು ಬರೆದ ಪತ್ರಗಳನ್ನು ನನಗೆ ಕಳಿಸಿಕೊಡು.

ಗೆರ್ಗೀನಾ


ಫೆಲ್ತ್ರೆ
8 ಜನವರಿ 2012

ಪ್ರೀತಿಯ ಗೀನಕ್ಕ,

ಎಲ್ಲ ಕಳಿಸುತ್ತಿದ್ದೇನೆ, ನಲವತ್ತಮೂರು. ತಾರೀಕಿನ ಪ್ರಕಾರ ಜೋಡಿಸಿದ್ದೇನೆ. ನಕಲು ಮಾಡಿಕೊಂಡಿಲ್ಲ. ಎಲ್ವಿಯೋ ಒಂದನ್ನು ಇಟ್ಟುಕೊಳ್ಳೋಣವೇ ಎಂದು ಕೇಳಿದರು. ಬೇಡವೆಂದೆ, ಮತ್ತೆ ಕೇಳಲಿಲ್ಲ. ನಾನು ಅವಳನ್ನು ಒಮ್ಮೆಯೂ ನೋಡಿಲ್ಲ ಅಕ್ಕ. ನನ್ನ ಬಳಿ ಅವಳೆಂದು ಇದ್ದದ್ದು ಇವಿಷ್ಟೇ.

ಕಟ್ಟುವ ಮೊದಲು ಎಲ್ಲವನ್ನೂ ಇನ್ನೊಮ್ಮೆ ಓದಿದೆ, ಮೊದಲಿನಿಂದ ಕೊನೆಯವರೆಗೆ. ಇವಳನ್ನು ನೀನು ತೆಗೆದುಕೋ ಎಂದು ನೀವು ಬರೆದದ್ದು ಎಲ್ಲಿ ಎಂದು ಹುಡುಕಿದೆ. ಎಲ್ಲಿಯೂ ಇಲ್ಲ.

ಲೊರೆದಾನಾ